ತಲೆಕೆಳಗಾದ ಹೊಲ

ನಮ್ಮೂರಲ್ಲಿ ಯಾರೂ ಗೊಬೊ ಬೆಳೆಯುವುದಿಲ್ಲ. ಮಣ್ಣು ಒಗ್ಗುವುದಿಲ್ಲ ಎಂದಲ್ಲ, ಬೆಳೆಯಕೂಡದು ಎಂದು. ಮದುವೆಯಾಗಿ ಸವಾಬಾತಕ್ಕೆ ಬಂದ ಮೊದಲ ವಸಂತದಲ್ಲಿ ನಾನು ತವರಿನಿಂದ ಆ ಉದ್ದ ಬೇರಿನ ತರಕಾರಿಯ ಒಂದು ಹಿಡಿ ಬೀಜ ತಂದಿದ್ದೆ. ಅತ್ತೆ ನೋಡಿದ್ದೇ ತಡ, ಕೈಯಿಂದ ಕಿತ್ತುಕೊಂಡು ಒಲೆಗೆ ಸುರಿದಳು. "ಗೊಬೊ ಬೇರು ಕೀಳ್ಬೇಕಾದ್ರೆ ಸೊಂಟದುದ್ದ ಗುಂಡಿ ತೋಡ್ಬೇಕು. ಈ ಊರಲ್ಲಿ ಮೊಳಕ್ಕಿಂತ ಆಳ ಯಾರೂ ತೋಡಲ್ಲ" ಅಂದಳು. ಯಾಕೆ ಎಂದು ಕೇಳಿದೆ. ಉತ್ತರ ಕೊಟ್ಟಿದ್ದು ಮೂರು ವರ್ಷದ ಮೇಲೆ, ಇವಳು ಮನೆಬಿಟ್ಟು ಓಡಿಹೋಗುವವಳಲ್ಲ ಎಂದು ಖಾತ್ರಿಯಾದ ನಂತರ.

ಮೊದಲು ಬೆಟ್ಟದ ವಿಷಯ ಹೇಳಬೇಕು. ಕುರೊನೆ ಎಂದರೆ ಒಂದು ಬೆಟ್ಟವಲ್ಲ, ಒಂದರ ಹೆಗಲ ಮೇಲೆ ಒಂದು ಹತ್ತಿ ಕೂತ ಮೂವರ ಸಂಸಾರ. ಹಿರಿಯಳು ಉಬಾ, ಮುದುಕಿ. ಮೂರು ಲಕ್ಷ ವರ್ಷದವಳಂತೆ. ಹರಿಸುವ ಲಾವಾವನ್ನೆಲ್ಲ ಹರಿಸಿ ಮುಗಿಸಿ, ಈಗ ಮಳೆಗೆ ಮೈಯೊಡ್ಡಿ ಸವೆಯುತ್ತಾ ಕೂತಿದ್ದಾಳೆ. ಪಕ್ಕದ ಕಮಾ ಒಂದು ಕಾಲಕ್ಕೆ ಎಲ್ಲರಿಗಿಂತ ಎತ್ತರವಿತ್ತಂತೆ. ಹೊಟ್ಟೆಯೊಳಗಿದ್ದುದನ್ನು ಒಂದೇ ಸಲ ಕಕ್ಕಿ, ತಲೆ ಒಳಕ್ಕೆ ಕುಸಿದು, ಈಗ ಹುಳಿನೀರಿನ ಹಸಿರು ಕೆರೆ ತುಂಬಿದ ಕೊಪ್ಪರಿಗೆಯಾಗಿದೆ. ಕಿರಿಯವನು ಕೊಬು. ತಲೆಗೆ ಪೆಟ್ಟು ಬಿದ್ದರೆ ಏಳುತ್ತದಲ್ಲ ಬುಗುಟು, ಅದಕ್ಕೆ ನಾವು ಹೇಳುವ ಹೆಸರೇ ಅವನಿಗೂ. ಇವನ ಲಾವಾ ಹರಿಯುವಷ್ಟು ತೆಳುವಲ್ಲ. ಗಟ್ಟಿ ಹಿಟ್ಟಿನ ಹಾಗೆ ಬಾಯಲ್ಲೇ ಗುಪ್ಪೆಯಾಗಿ ಬೆಳೆಯುತ್ತಾನೆ. ಒಂದು ದಿನ ಒಂದು ಮಗ್ಗುಲು ಕಳಚಿ ಬೀಳುತ್ತದೆ, ಸುಡುಬೂದಿಯ ಮೋಡ ಕುದುರೆಗಿಂತ ಜೋರಾಗಿ ಇಳಿಜಾರಿನಲ್ಲಿ ಉರುಳುತ್ತದೆ. ದೊಡ್ಡವರಿಬ್ಬರೂ ತೆಪ್ಪಗಿದ್ದಾರೆ, ತಂಟೆಯೆಲ್ಲ ಈ ಚಿಕ್ಕವನದು.

ಇನ್ನೂರ ನಲವತ್ತು ವರ್ಷದ ಹಿಂದೆ ಅವನು ಕಳಚಿ ಬಿದ್ದಿದ್ದು ನಮ್ಮ ಕಡೆಗೆ. ಮೊದಲು ಎರಡು ದಿನ ನೊರೆಗಲ್ಲು ಸುರಿಯಿತು, ನೀರಿಗೆ ಹಾಕಿದರೆ ತೇಲುವಂಥ ಬಿಳಿ ಕಲ್ಲು. ಮೂರನೆಯ ದಿನ ಸುಡುಬೂದಿ ಬಂತು. ಸವಾಬಾತದಲ್ಲಿ ಜನ ಉಳಿದದ್ದು ಹನ್ನೊಂದು ಮನೆಗಳಲ್ಲಿ ಮಾತ್ರ. ಹೊಲದ ಮೇಲೆ ಎದೆಮಟ್ಟ ಕಲ್ಲು, ಬೂದಿ. ಹೂತುಹೋದ ಊರಿನವರೆಲ್ಲ ಸಮುದ್ರದಂಚಿನ ಜೌಗಿಗೆ ಹೋಗಿ ಹೊಸ ಗದ್ದೆ ಕಡಿಯಬೇಕು ಎಂದು ಸೀಮೆಯ ಒಡೆಯನ ಅಪ್ಪಣೆಯಾಯಿತು. ನಮ್ಮವರಿಗೆ ಹೋಗುವ ಮನಸ್ಸಿಲ್ಲ, ಹೋಗುವುದಿಲ್ಲ ಎನ್ನುವ ಧೈರ್ಯವೂ ಇಲ್ಲ. ತನಿಖೆಯ ಅಧಿಕಾರಿ ಬರುವಷ್ಟರಲ್ಲಿ, ಒಂದು ಚಳಿಗಾಲ ಪೂರ್ತಿ, ಗಂಡಸರು ಹೆಂಗಸರು ಮುದುಕರು ಸೇರಿ ಹೊಲವನ್ನೇ ಬುಡಮೇಲು ಮಾಡಿದರು. ಗುಂಡಿ ತೋಡಿ ಕೆಳಗಿನ ಕಪ್ಪು ಮಣ್ಣನ್ನು ಮೇಲೆ ತಂದರು, ಮೇಲಿನ ಬೂದಿ ಕಲ್ಲುಗಳನ್ನು ಕೆಳಕ್ಕೆ ತಳ್ಳಿದರು. ಪದರ ಪದರವಾಗಿ ದಿಮ್ಮಿಯಿಂದ ಬಡಿದು ಸಮ ಮಾಡಿದರು. ಬೂದಿಯೊಳಗೆ ಸಿಕ್ಕ ಸುಟ್ಟ ಮರದ ಇದ್ದಿಲನ್ನು ಚೂರೂ ಬಿಡದೆ ಆರಿಸಿ ಒಲೆಗೆ ಹಾಕಿ ಆ ಚಳಿಗಾಲ ಕಳೆದರು. ನಮ್ಮವರು ಯಾವುದನ್ನೂ ಬಿಸಾಡುವವರಲ್ಲ.

ಬೇಸಿಗೆಯಲ್ಲಿ ಅಧಿಕಾರಿ ಬಂದ. ಟರ್ನಿಪ್ ಸೊಪ್ಪು ನಳನಳಿಸುತ್ತಿತ್ತು. ಕೋಲು ಚುಚ್ಚಿ ನೋಡಿದ, ಕಪ್ಪು ಮಣ್ಣು. "ಪಶ್ಚಿಮದ ಇಳಿಜಾರಿಗೆ ಹಾನಿಯಿಲ್ಲ" ಎಂದು ಬರೆದುಕೊಂಡ. ಹಾನಿಯಿಲ್ಲ ಎಂದ ಮೇಲೆ ಆ ವರ್ಷದ ತೆರಿಗೆಯಲ್ಲಿ ವಿನಾಯಿತಿಯೂ ಇಲ್ಲ. ಬೆಳೆದದ್ದನ್ನೆಲ್ಲ ಕೊಟ್ಟು ಇವರು ಓಕ್ ಕಾಯಿ ಬೇಯಿಸಿ ತಿಂದರು. ಒಂದು ಸುಳ್ಳಿಗೆ ಇಷ್ಟು ಬೆವರು ಸುರಿಸಿದ ಜನ ಬೇರೆ ಎಲ್ಲಿದ್ದಾರೋ ನನಗೆ ಗೊತ್ತಿಲ್ಲ.

ಗೊಬೊ ಬೇಡ ಎಂದದ್ದು ಅದಕ್ಕೆ. ಆಳಕ್ಕೆ ತೋಡಿದರೆ ಬಿಳಿ ಕಲ್ಲು ಮೇಲೆ ಬರುತ್ತದೆ. ಒಡೆಯ ಸತ್ತ, ಅವನ ವಂಶ ಮುಗಿಯಿತು, ರಾಜ್ಯಗಳು ಬದಲಾದವು, ಗೊಬೊ ಮಾತ್ರ ಊರೊಳಗೆ ಬರಲಿಲ್ಲ. ಸಂತೆಯಿಂದ ತಂದು ತಿನ್ನುತ್ತೇವೆ.

ಈಗ ನನ್ನ ಕಥೆ. ಎರಡು ವರ್ಷದ ಹಿಂದೆ, ಹಿಮ ಕರಗುವ ಹೊತ್ತಿಗೆ, ಪುರಸಭೆಯ ವಿಪತ್ತು ವಿಭಾಗದಿಂದ ನಿರಸಾವಾ ಎಂಬ ಹುಡುಗಿ ಬಂದು ಊರ ಸಭಾಮಂದಿರದಲ್ಲಿ ಹನ್ನೊಂದು ಮನೆಯವರನ್ನೂ ಕೂರಿಸಿದಳು. ಕುರೊನೆಗೆ ಹೊಸ ಅಪಾಯದ ನಕ್ಷೆ ಮಾಡುತ್ತಿದ್ದಾರಂತೆ. ಗೋಡೆಗೆ ಹಾಳೆ ಅಂಟಿಸಿ ಬಣ್ಣಗಳನ್ನು ತೋರಿಸಿದಳು.

"ಸಾವಿರ ವರ್ಷದೊಳಗೆ ಕೊಬು ಬೂದಿ ಬಂದಿರೋ ಜಾಗ ಕೆಂಪು. ಅಲ್ಲಿ ಯಾರೂ ವಾಸ ಮಾಡೋ ಹಾಗಿಲ್ಲ. ನಿಮ್ಮೂರು ಕೆಂಪಾದ್ರೆ ಸ್ಟೇಷನ್ ಹತ್ರದ ಸರ್ಕಾರಿ ಫ್ಲಾಟಲ್ಲಿ ಮನೆ ಕೊಡ್ತೀವಿ. ಲಿಫ್ಟ್ ಇದೆ ಅಜ್ಜಿ, ಬಿಸಿನೀರು ನಲ್ಲೀಲೇ ಬರುತ್ತೆ."

"ಹೊಲ ಎಷ್ಟನೇ ಮಹಡೀಲಿ?" ಎಂದೆ.

ಪಾಪ, ಅವಳು ತಬ್ಬಿಬ್ಬಾದಳು. ಹಳೆಯ ದಾಖಲೆಯಲ್ಲಿ ಪಶ್ಚಿಮಕ್ಕೆ ಹಾನಿಯಿಲ್ಲ ಎಂದೇ ಇದೆ, ಆದರೂ ಒಬ್ಬರು ಪ್ರೊಫೆಸರ್ ಬಂದು ಮಣ್ಣು ತೋಡಿ ನೋಡುತ್ತಾರೆ ಎಂದು ಹೇಳಿ, ಹಾಳೆ ಸುತ್ತಿಕೊಂಡು ಹೋದಳು. ಅವಳ ಕಾರು ತಿರುವಿನಲ್ಲಿ ಮರೆಯಾದದ್ದೇ ಊರ ಮುಖ್ಯಸ್ಥ ಮಗೊಶಿ ಎದ್ದು ನಿಂತ. ನನಗಿಂತ ಎರಡು ವರ್ಷಕ್ಕೆ ದೊಡ್ಡವನು, ಧ್ವನಿ ಮಾತ್ರ ಹನ್ನೊಂದು ಮನೆಗೂ ಸಾಕಾಗುವಷ್ಟಿದೆ.

"ನಮ್ಮ ಹಿರಿಯರು ಒಬ್ಬನ ಕಣ್ಣಿಗೆ ಮಣ್ಣೆರಚಿದ್ರು. ನಾವು ಅಷ್ಟೂ ಮಾಡ್ಬೇಕಾಗಿಲ್ಲ, ಬಾಯಿ ಮುಚ್ಕೊಂಡಿದ್ರೆ ಸಾಕು. ಏನು ತೊಯೊನೊ?"

ಎಲ್ಲರನ್ನೂ ಬಿಟ್ಟು ನನ್ನನ್ನೇ ಯಾಕೆ ನೋಡಿದ ಎಂದು ಹೇಳಬೇಕಾಗಿಲ್ಲ, ನನ್ನ ಬಾಯಿ ಊರಿಗೇ ಗೊತ್ತು. "ನಾನೇನು ಊರಿಗೆಲ್ಲ ಡಂಗುರ ಸಾರ್ತೀನಾ?" ಎಂದೆ. ನನ್ನ ಗಂಡ ಗಿಸಾಬುರೊ ಪಕ್ಕದಲ್ಲಿ ಕಣ್ಣು ಮುಚ್ಚಿ ಕೂತಿದ್ದರು. ಸಭೆಗಳಲ್ಲಿ ಅವರು ಮಾಡುವ ಕೆಲಸ ಅದೊಂದೇ.

ನನಗೂ ಹೋಗುವ ಮನಸ್ಸಿರಲಿಲ್ಲ. ಅದನ್ನು ಮೊದಲೇ ಒಪ್ಪಿಕೊಳ್ಳುತ್ತೇನೆ. ನಲವತ್ತಾರು ವರ್ಷ ಆ ಮಣ್ಣಿನಲ್ಲಿ ಕೈಯಾಡಿಸಿದ್ದೇನೆ. ಯಾವ ಮೂಲೆಯಲ್ಲಿ ಹಿಮ ಮೊದಲು ಕರಗುತ್ತದೆ, ಯಾವ ಸಾಲಿನ ಮೂಲಂಗಿ ಖಾರವಾಗುತ್ತದೆ, ಕಣ್ಣುಕಟ್ಟಿ ಬಿಟ್ಟರೂ ಹೇಳುತ್ತೇನೆ. ಮೂರನೇ ಮಹಡಿಯಲ್ಲಿ ಕೂತು ಸತ್ತರೆ ನನ್ನ ಪ್ರಾಣ ಕೆಳಗಿಳಿಯುವ ದಾರಿ ಗೊತ್ತಾಗದೆ ಅಲ್ಲೇ ಅಲೆಯುತ್ತದೆ ಅನ್ನಿಸಿತು.

ಏಪ್ರಿಲ್‌ನಲ್ಲಿ ಪ್ರೊಫೆಸರ್ ಇಸುರುಗಿ ಬಂದರು. ಐವತ್ತರ ಹತ್ತಿರದ, ಉದ್ದ ಕಾಲಿನ, ಮೆದು ಮಾತಿನ ಮನುಷ್ಯ. ಕುರೊನೆಯ ಮೇಲೆ ಇಪ್ಪತ್ತು ವರ್ಷ ಸವೆಸಿದ್ದಾರಂತೆ. ಊರಿನ ನಡುವೆ ಸಮತಟ್ಟಾಗಿದೆ ಎಂದು ನಮ್ಮ ಹೊಲವನ್ನೇ ಆರಿಸಿದರು. ಸಮತಟ್ಟು ಮಾಡಿದವರು ಯಾರು ಎಂದು ಕೇಳಲಿಲ್ಲ, ನಾನು ಹೇಳಲಿಲ್ಲ. ಮಣ್ಣು ತೋಡುವ ಯಂತ್ರ ಬಂದು ಎರಡಾಳು ಆಳದ ಕಂದಕ ತೋಡಿತು. ಅಂಚಿನಲ್ಲಿ ನಿಂತು ಇಣುಕಿದೆ. ಮೇಲೆ ಮೊಣಕಾಲಮಟ್ಟ ಕಪ್ಪು ಮಣ್ಣು. ಅದರ ಕೆಳಗೆ ಬಿಳಿ ನೊರೆಗಲ್ಲಿನ ಪದರ. ಅದಕ್ಕೂ ಕೆಳಗೆ ಬೂದು ಬಣ್ಣದ ಬೂದಿ. ಅತ್ತೆ ಹೇಳಿದ್ದನ್ನು ನಂಬಿದ್ದೆ, ಕಣ್ಣಾರೆ ನೋಡಿದ್ದು ಅದೇ ಮೊದಲು. ಆ ಚಳಿಯಲ್ಲಿ, ಮನೆಯವರನ್ನು ಹೂಳಿದ ವರ್ಷದಲ್ಲೇ, ಎಷ್ಟು ನೀಟಾಗಿ ಮಾಡಿದ್ದಾರೆ. ನನಗೆ ಅಳು ಬಂತು, ಹೇಳಿಕೊಳ್ಳಲು ನಾಚಿಕೆಯಿಲ್ಲ.

"ಭಾವುಕರಾದ್ರಿ ಅಮ್ಮ" ಎಂದು ಪ್ರೊಫೆಸರ್ ಕೆಳಗಿನಿಂದ ಖುಷಿಯಾಗಿ ಕೂಗಿದರು. "ನನಗೂ ಹೀಗೇ ಆಗುತ್ತೆ."

ಅವರು ಚಿಟಿಕೆ ಬೂದಿಯನ್ನು ಹಲ್ಲಿನ ನಡುವೆ ಇಟ್ಟು ಕಟುಂ ಎನ್ನಿಸಿ ನೋಡಿದರು. ಮಧ್ಯಾಹ್ನ ನಾನು ಕೊಟ್ಟ ಉಪ್ಪಿನಲ್ಲಿ ಹಾಕಿದ ಟರ್ನಿಪ್ ತಿನ್ನುವಾಗಲೂ ಮುಖ ಹಾಗೇ ಇತ್ತು. ಎರಡೂ ರುಚಿಸಿದವು ಅಂತ ಕಾಣುತ್ತದೆ.

"ಸೆನ್ಸೆಯಿ, ಏನು ಕಾಣ್ತು?" ಎಂದೆ. ಕಲಿತವರನ್ನು ನಾವು ಕರೆಯುವುದು ಹಾಗೇ.

"ಒಂದು ವಿಚಿತ್ರ ಇದೆ. ಕೊಬು ಯಾವಾಗ ಸಿಡಿದ್ರೂ ಮೊದಲು ನೊರೆಗಲ್ಲು, ಆಮೇಲೆ ಬೂದಿ. ಇಲ್ಲಿ ಉಲ್ಟಾ. ಬೂದಿ ಕೆಳಗಿದೆ, ಕಲ್ಲು ಮೇಲಿದೆ. ಅಂದ್ರೆ ಇದು ಕೊಬುನೇ ಅಲ್ಲ. ಕಮಾ ಇರ್ಬೇಕು. ಯಾರಿಗೂ ಗೊತ್ತಿಲ್ಲದ ಒಂದು ಸ್ಫೋಟ."

"ಮೇಲಿರೋದು ಕೆಳಗೆ, ಕೆಳಗಿರೋದು ಮೇಲೆ ಆಗಿರಬಹುದಲ್ಲ?" ಎಂದುಬಿಟ್ಟೆ. ನಾಲಿಗೆ ಕಚ್ಚಿಕೊಂಡೆ.

ಅವರು ಮಗುವಿಗೆ ಹೇಳುವ ಹಾಗೆ ಹೇಳಿದರು. "ಭೂಮಿ ಪುಸ್ತಕ ಇದ್ದ ಹಾಗೆ ಅಮ್ಮ. ಕೆಳಗಿನ ಪುಟ ಹಳೇದು, ಮೇಲಿನ ಪುಟ ಹೊಸದು. ಮನುಷ್ಯರು ಸುಳ್ಳು ಹೇಳಬಹುದು, ಭೂಮಿಗೆ ಬರಲ್ಲ."

ಭೂಮಿಗೆ ಬರದೇ ಇರಬಹುದು, ನನ್ನ ಗಂಡನ ವಂಶಕ್ಕೆ ಬರುತ್ತದೆ. ಬೂದಿಯಲ್ಲಿ ಒಂದು ಚೂರು ಇದ್ದಿಲು ಸಿಕ್ಕಿದ್ದರೂ ಅದರ ವಯಸ್ಸು ಹಿಡಿದು ಗುಟ್ಟು ರಟ್ಟಾಗುತ್ತಿತ್ತು. ಅದನ್ನೆಲ್ಲ ಇನ್ನೂರ ನಲವತ್ತು ವರ್ಷದ ಹಿಂದೆಯೇ ಒಲೆಗೆ ಹಾಕಿಯಾಗಿತ್ತಲ್ಲ. ಪ್ರೊಫೆಸರ್‌ಗೆ ಸಿಕ್ಕಿದ್ದು ಮೇಲಿನ ಕಪ್ಪು ಮಣ್ಣಿನಲ್ಲಿದ್ದ ಇದ್ದಿಲು, ಆದಿಕಾಲದವರು ಹುಲ್ಲು ಸುಟ್ಟದ್ದು. ಪರೀಕ್ಷೆಗೆ ಕಳಿಸಿದರು. ಮೂರು ಸಾವಿರ ವರ್ಷ ಎಂದು ಉತ್ತರ ಬಂತು. ಮೇಲಿನ ಮಣ್ಣಿಗೆ ಮೂರು ಸಾವಿರವಾದರೆ ಕೆಳಗಿನ ಬೂದಿ ಅದಕ್ಕಿಂತ ಹಳೆಯದಾಗಲೇಬೇಕು. ಆಗಸ್ಟ್‌ನಲ್ಲಿ ನಕ್ಷೆ ಅಚ್ಚಾಯಿತು. ಸುತ್ತಲೂ ಕೆಂಪು, ಹಳದಿ. ನಡುವೆ ಸವಾಬಾತ ಮಾತ್ರ ಹಾಲಿನಷ್ಟು ಬಿಳಿ. ಕುರೊನೆಯ ಚರಿತ್ರೆಯಲ್ಲಿ ಒಂದು ಹೊಸ ಸ್ಫೋಟವೂ ಸೇರಿತು, ನಮ್ಮೂರಿನ ಹೆಸರಿನಲ್ಲೇ. ಆಗದೇ ಇದ್ದ ಸ್ಫೋಟಕ್ಕೆ ಹೆಸರು, ಆದ ಸ್ಫೋಟಕ್ಕೆ ಇಲ್ಲ.

ಊರಲ್ಲಿ ಹಬ್ಬ. ಮಗೊಶಿ ಅಕ್ಕಿಯ ಹೆಂಡ ಸಾಕೆ ಕುಡಿದು ಸಭಾಮಂದಿರದ ನಡುವೆ ಕುಣಿದ. ಹನ್ನೊಂದು ಮನೆಯ ಹಿರಿಯರ ಹೆಸರು ಕೂಗಿ ಒಬ್ಬೊಬ್ಬರಿಗೂ ಒಂದೊಂದು ಬಟ್ಟಲು ಎತ್ತಿದ. ಹನ್ನೊಂದೂ ಅವನ ಹೊಟ್ಟೆಗೇ ಹೋಯಿತು. ನಾನೂ ಎರಡು ಬಟ್ಟಲು ಕುಡಿದೆ, ನನ್ನ ಗಂಡ ಹಾಡು ಹೇಳಿದರು. ಅಷ್ಟು ಸಂತೋಷವಾಗಿತ್ತು ನಮಗೆ.

ನವೆಂಬರ್‌ನಲ್ಲಿ ನಿರಸಾವಾ ಮತ್ತೆ ಬಂದಳು, ಸಿಹಿ ಡಬ್ಬಿಯ ಸಮೇತ. ಸರ್ಕಾರದವರು ಸಿಹಿ ತಂದರೆ ನಾನು ಮೊದಲು ಚಪ್ಪಲಿ ಎಲ್ಲಿದೆ ನೋಡಿಕೊಳ್ಳುತ್ತೇನೆ.

"ಅಜ್ಜಿ, ಒಳ್ಳೆ ಸುದ್ದಿ. ಪೇಟೆಯ ಶಿಶುವಿಹಾರ ಹೊಳೆ ಪಕ್ಕದಲ್ಲಿದೆ ನೋಡಿ, ಅದು ನಕ್ಷೇಲಿ ಹಳದಿ. ಹೊಸದಾಗಿ ಕಟ್ಬೇಕು. ಕುರೊನೆ ಸುತ್ತಮುತ್ತ ಎಲ್ಲಕ್ಕಿಂತ ಸುರಕ್ಷಿತ ಜಾಗ ಯಾವುದು ಅಂತ ಹುಡುಕಿದ್ವಿ. ನಿಮ್ಮ ಹೊಲ."

ನನ್ನ ಕೈಯಲ್ಲಿ ಚಹಾದ ಕೆಟಲ್ ಇತ್ತು. ಕೆಳಗಿಟ್ಟೆ.

"ಎಷ್ಟು ಮಕ್ಕಳು?"

"ನಲವತ್ಮೂರು. ಒಂದು ವರ್ಷದೋರಿಂದ ಆರು ವರ್ಷದೋರ ತನಕ. ಪ್ರೊಫೆಸರ್ ಕೂಡ ಒಪ್ಪಿದ್ದಾರೆ."

ಅವಳು ಹೋದ ಮೇಲೆ ನನ್ನ ಗಂಡನ ಮುಖ ನೋಡಿದೆ. ಅವರು ಟಿವಿಯಲ್ಲಿ ಸುಮೊ ನೋಡುತ್ತಿದ್ದರು.

"ರೀ, ಕೇಳಿಸ್ತಾ?"

"ಕೇಳಿಸ್ತು. ಇನ್ನೂರ ನಲವತ್ತು ವರ್ಷ ಸುಮ್ನಿದ್ದೋನು ಇನ್ನೂ ಒಂದಿಷ್ಟು ವರ್ಷ ಸುಮ್ನಿರ್ತಾನೆ. ನೀನೂ ಅವನ ಹಂಗೆ ಸುಮ್ನಿರೇ."

"ನಾವು ಇಲ್ಲಿ ಸತ್ರೆ ಅದು ನಮ್ಮ ಹಠ. ಆ ಮಕ್ಕಳೇನು ಹಠ ಮಾಡಿದ್ವಾ?"

ಅವರು ಟಿವಿಯ ಧ್ವನಿ ಹೆಚ್ಚು ಮಾಡಲಿಲ್ಲ. ನಮ್ಮ ಸಂಸಾರದಲ್ಲಿ ಅದಕ್ಕೆ ಅರ್ಥವಿದೆ.

ಒಂಬತ್ತು ದಿನ ನಾನು ಸುಮ್ಮನಿದ್ದೆ. ಹೊಲ ಮಾರುವುದಿಲ್ಲ ಎಂದರೆ ಸಾಕಲ್ಲ, ಸತ್ಯ ಯಾಕೆ ಹೇಳಬೇಕು ಎಂದು ಲೆಕ್ಕ ಹಾಕಿದೆ. ಆದರೆ ನನ್ನ ಹೊಲ ಸಿಗದಿದ್ದರೆ ಮಗೊಶಿಯ ಹೊಲವಿದೆ, ಅವನು ಕೊಡಲು ತುದಿಗಾಲಲ್ಲಿ ನಿಂತಿದ್ದ. ಶಿಶುವಿಹಾರ ಬಂದರೆ ಊರಿಗೆ ಡಾಂಬರು ರಸ್ತೆ, ಬಸ್ಸು ಬರುತ್ತದಲ್ಲ. ಹತ್ತನೆಯ ದಿನ ಪೇಟೆಗೆ ಹೋದಾಗ ಹಳೆಯ ಶಿಶುವಿಹಾರದ ಮಕ್ಕಳು ಎದುರಾದವು. ದೊಡ್ಡವು ಹಗ್ಗ ಹಿಡಿದು ಸಾಲಾಗಿ ನಡೆಯುತ್ತಿದ್ದವು. ಪುಟ್ಟವನ್ನು ಆರಾರು ಮಂದಿಯಂತೆ ಕಟಕಟೆಯಂಥ ಗಾಡಿಯಲ್ಲಿ ನಿಲ್ಲಿಸಿ ಟೀಚರಮ್ಮ ತಳ್ಳಿಕೊಂಡು ಬರುತ್ತಿದ್ದಳು. ಸಿಗ್ನಲ್ ಹಸಿರಿದ್ದಷ್ಟು ಹೊತ್ತಿನಲ್ಲಿ ಅವರು ರಸ್ತೆಯ ಅರ್ಧ ದಾಟಿದ್ದರು. ಕಾರುಗಳು ಕಾದವು. ಕೊಬು ಕಾಯುವವನಲ್ಲ. ನಾನು ಅಲ್ಲಿಂದ ನೆಟ್ಟಗೆ ಪುರಸಭೆಗೆ ಹೋದೆ.

ನಿರಸಾವಾಳ ಮೇಜಿನ ಮುಂದೆ ಕೂತು ಎಲ್ಲ ಹೇಳಿದೆ. ಒಡೆಯ, ಅಧಿಕಾರಿ, ಗುಂಡಿ, ಇದ್ದಿಲು. ಮೂಲಂಗಿಯಿದೆ, ಟರ್ನಿಪ್ ಇದೆ, ಗೊಬೊ ಇಲ್ಲ, ಯಾಕೆ ಎಂದೂ ಹೇಳಿದೆ. ಅವಳು ತಾಳ್ಮೆಯಿಂದ ಕೇಳಿದಳು, ಕೊನೆಗೆ ನನ್ನ ಕೈ ಹಿಡಿದುಕೊಂಡಳು.

"ಅಜ್ಜಿ, ಹೊಲ ಬಿಡೋಕೆ ಕಷ್ಟ ಆಗುತ್ತೆ, ನನಗೆ ಅರ್ಥ ಆಗುತ್ತೆ. ಅದಕ್ಕೆ ಇಷ್ಟು ದೊಡ್ಡ ಕಥೆ ಕಟ್ಬೇಕಾಗಿಲ್ಲ. ಅಂಚಿನಲ್ಲಿ ನಿಮಗೆ ನಾಲ್ಕು ಸಾಲು ಬಿಡಿಸಿಕೊಡ್ತೀವಿ. ಮಕ್ಕಳ ಜೊತೆ ತರಕಾರಿ ಬೆಳೀರಿ."

"ಅಮ್ಮಾ ತಾಯಿ, ನಾನು ಹೊಲ ಉಳಿಸ್ಕೊಳ್ಳೋಕೆ ಏಳು ತಿಂಗಳು ಸುಮ್ನಿದ್ದೆ. ಈಗ ಕಳ್ಕೊಳ್ಳೋಕೆ ಬಂದಿದ್ದೀನಿ."

ಅವಳು ನನ್ನೆದುರೇ ಪ್ರೊಫೆಸರ್‌ಗೆ ಫೋನು ಮಾಡಿದಳು. ಅವರು ಬಹಳ ಮರ್ಯಾದೆಯಿಂದ ಮಾತಾಡಿದರು. ಇಂಥ ಜನಪದ ಕಥೆಗಳು ಎಲ್ಲ ಬೆಟ್ಟಗಳಲ್ಲೂ ಇವೆಯಂತೆ, ಬಹಳ ಬೆಲೆಯುಳ್ಳವಂತೆ, ಯಾರಾದರೂ ಬರೆದಿಡಬೇಕಂತೆ. ಆಮೇಲೆ ಅವಳು ಮಗೊಶಿಗೆ ಫೋನು ಮಾಡಿದಳು. ಊರ ಮುಖ್ಯಸ್ಥ ಏನು ಹೇಳುತ್ತಾನೋ ಅದು ತಾನೇ ಸಾಕ್ಷಿ.

"ಅವಳಿಗೆ ಈಗೀಗ ಮರೆವು ಜಾಸ್ತಿ. ಪಾಪ, ಬಿಟ್ಬಿಡಿ" ಎಂದ ಅವನ ಧ್ವನಿ ಫೋನಿನಿಂದ ಕೋಣೆಯೆಲ್ಲ ಕೇಳಿಸಿತು.

ಸುಳ್ಳು ಹೇಳಿದಾಗ ವಿಜ್ಞಾನವೇ ಬಂದು ಸಹಿ ಹಾಕಿತು, ನಿಜ ಹೇಳಿದಾಗ ಮರೆವಿನ ಮುದುಕಿಯಾದೆ. ಬಸ್ಸಿನಲ್ಲಿ ಕೂತು, ಬೆಟ್ಟದ ಕೆಳಗೆ ಇಳಿದು ನಡೆಯುತ್ತಾ, ಊರ ತನಕ ಒಬ್ಬಳೇ ಬೈದುಕೊಂಡು ಬಂದೆ. ಮಗೊಶಿಯನ್ನು, ಪ್ರೊಫೆಸರನ್ನು, ನನ್ನ ಗಂಡನ ಹಿರಿಯರನ್ನು. ಇಷ್ಟು ಚೆನ್ನಾಗಿ ಯಾಕೆ ಮಾಡಬೇಕಿತ್ತು ಆ ಕೆಲಸವನ್ನು, ಎಲ್ಲಾದರೂ ಒಂದು ಕಡೆ ಸೋಮಾರಿತನ ಮಾಡಬಾರದಿತ್ತೇ ಎಂದು. ಆಗ ಹೊಳೆಯಿತು. ಅವರು ತಿರುವಿ ಹಾಕದ ಜಾಗ ಒಂದಿತ್ತು. ಯಾರೇ ಆದರೂ ತಮ್ಮ ಹಿರಿಯರ ಗೋರಿ ಅಗೆಯುತ್ತಾರೆಯೇ?

ನಮ್ಮ ಹೊಲದ ಮೂಲೆಯಲ್ಲಿ ಮನೆತನದ ಗೋರಿಗಳಿವೆ. ದೊಡ್ಡ ಕಲ್ಲುಗಳ ನಡುವೆ ಏಳು ಗಿಡ್ಡ ಕಲ್ಲುಗಳು, ಗೇಣುದ್ದ ಮಾತ್ರ ಮೇಲಿವೆ. ನೋಡಿದವರೆಲ್ಲ ಮಕ್ಕಳ ಗೋರಿ ಅಂದುಕೊಳ್ಳುತ್ತಾರೆ, ಅಯ್ಯೋ ಅನ್ನುತ್ತಾರೆ.

ಪ್ರೊಫೆಸರ್‌ಗೆ ನಾನೇ ಫೋನು ಮಾಡಿದೆ. ಕಥೆ ಬರೆದಿಡಬೇಕು ಅಂದಿರಲ್ಲ, ಬಂದು ಬರೆದುಕೊಳ್ಳಿ ಎಂದೆ. ಆ ಭಾನುವಾರ ಬೆಳಗ್ಗೆ ನೋಟ್‌ಬುಕ್ ಹಿಡಿದುಕೊಂಡು ಬಂದರು, ಒಳ್ಳೆಯ ಮನುಷ್ಯ. ನಾನು ಗುದ್ದಲಿ ಹಿಡಿದು ಗೋರಿಗಳ ಹತ್ತಿರ ಕರೆದುಕೊಂಡು ಹೋದೆ.

"ಸೆನ್ಸೆಯಿ, ಊಟಕ್ಕೆ ಕೂತಾಗೆಲ್ಲ ಈ ಕಲ್ಲಿಗೆ ನೀವು ಟೋಪಿ ಹಾಕ್ತಿದ್ರಿ. ನೆನಪಿದೆಯಾ?"

"ಛೆ, ಕ್ಷಮಿಸಿ. ಮಗುವಿನ ಗೋರಿ ಅಂತ ಗೊತ್ತಾಗ್ಲಿಲ್ಲ."

"ಮಗು ಎಷ್ಟುದ್ದ ಇದೆ ನೋಡೋಣ ಬನ್ನಿ."

ಬಾಗಿ ಕೈಮುಗಿದು, ತಪ್ಪಾಯಿತು ಎಂದು ಹೇಳಿ, ಗುದ್ದಲಿ ಹಾಕಿದೆ. ನಾಲ್ಕು ಏಟಿಗೇ ಸೊಂಟ ಹಿಡಿಯಿತು. ಹಿಂದಿನಿಂದ ಯಾರೋ ಗುದ್ದಲಿ ತೆಗೆದುಕೊಂಡರು. ನನ್ನ ಗಂಡ. ಸುಮೊ ಪಂದ್ಯದ ಕೊನೆಯ ದಿನ, ಮನೆಯಲ್ಲಿ ಟಿವಿ ಆರಿಸಿ ಬಂದಿದ್ದರು.

"ನೀನು ಗುದ್ದಲಿ ಹಿಡಿಯೋ ಚಂದ ನೋಡೋಕಾಗಲ್ಲ, ಸರಿ ಆಚೆ" ಎಂದರು.

ಮೇಲೆ ಗೇಣು ಮಣ್ಣು. ಅದರ ಕೆಳಗೆ ಬೂದಿ. ಬೂದಿಯಲ್ಲಿ ಕರ್ರಗಿನ ಇದ್ದಿಲ ಚೂರುಗಳು. ಅದರ ಕೆಳಗೆ ನೊರೆಗಲ್ಲು. ಕಲ್ಲು ಮುಗಿಯಲೇ ಇಲ್ಲ, ಇಳಿಯುತ್ತಲೇ ಹೋಯಿತು. ಅರ್ಧ ಇಳಿದಾಗ ಪ್ರೊಫೆಸರ್ ನೋಟ್‌ಬುಕ್ ಬಿಸಾಕಿ ಗುಂಡಿಗೆ ಹಾರಿ ಕೈಯಿಂದಲೇ ಬಾಚತೊಡಗಿದರು. ಮಧ್ಯಾಹ್ನದ ಹೊತ್ತಿಗೆ ಆಳೆತ್ತರದ ಗೋರಿಕಲ್ಲು ಪೂರ್ತಿ ಹೊರಗೆ ನಿಂತಿತ್ತು, ಕಪ್ಪು ಮಣ್ಣಿನ ಮೇಲೆ ಪಾದ ಊರಿಕೊಂಡು. ಬೂದಿ ಒರೆಸಿದರೆ ಅಕ್ಷರ ಕಂಡವು. ಇದು ಮಗುವಲ್ಲ, ಅರವತ್ತೆರಡು ವರ್ಷದ ಗಂಡಸು. ಸತ್ತದ್ದು ಕೊಬು ಕಳಚಿ ಬೀಳುವ ಹಿಂದಿನ ವರ್ಷ.

ಇಸುರುಗಿ ಆ ತಾರೀಖನ್ನು ಬೆರಳಿನಲ್ಲಿ ಮುಟ್ಟಿ ಮುಟ್ಟಿ ನೋಡಿದರು. ಗುಂಡಿಯೊಳಗೇ ಕುಕ್ಕರಗಾಲಲ್ಲಿ ಕೂತುಬಿಟ್ಟರು.

"ನಾನು ಬರೆದ ಸ್ಫೋಟ…" ಎಂದರು.

"ಆಗಿಲ್ಲ" ಎಂದೆ.

"ನಲವತ್ಮೂರು ಮಕ್ಕಳು."

"ಹೂಂ."

ಅವರ ಮುಖ ಬೂದಿಗಿಂತ ಬೆಳ್ಳಗಾಗಿತ್ತು. ನನಗೆ ಕನಿಕರವಾಯಿತು. ಒಳಗೆ ಕರೆದು ಮಿಸೊ ಸಾರು ಕೊಟ್ಟೆ. ಅರ್ಧ ಬಟ್ಟಲು ಕುಡಿದವರೇ ತಲೆಯೆತ್ತಿ, "ಅಲ್ಲ ಅಮ್ಮ, ಅಷ್ಟು ಜನ ಸೇರಿ ಒಂದೇ ಚಳಿಗಾಲದಲ್ಲಿ ಎಷ್ಟು ಮಣ್ಣು ತಿರುವಿರಬಹುದು? ಅಳತೆ ತಗೋಬಹುದಾ?" ಎಂದರು. ಕಣ್ಣು ಆಗಲೇ ಹೊಳೆಯುತ್ತಿತ್ತು. ವಿದ್ವಾಂಸರಿಗೆ ನಾಚಿಕೆ ಅರ್ಧ ಬಟ್ಟಲು ಸಾರಿನಷ್ಟು ಹೊತ್ತು ಇರುತ್ತದೆ. ಆದರೂ ಒಂದು ಮಾತು ಒಪ್ಪಬೇಕು. ಮಾರನೆಯ ದಿನ ಪುರಸಭೆಗೆ ಹೋಗಿ, ನನ್ನ ನಕ್ಷೆ ತಪ್ಪು ಎಂದು ಎಲ್ಲರ ಮುಂದೆ ತಲೆ ಬಾಗಿಸಿ ನಿಂತರು. ನಿರಸಾವಾ ಅತ್ತಳಂತೆ.

ಹೊಸ ನಕ್ಷೆ ವಸಂತದಲ್ಲಿ ಬಂತು. ಇಡೀ ಪಶ್ಚಿಮದ ಇಳಿಜಾರಿನಲ್ಲಿ ಸವಾಬಾತದಷ್ಟು ಗಾಢ ಕೆಂಪು ಬೇರೆಲ್ಲೂ ಇಲ್ಲ. ಶಿಶುವಿಹಾರವನ್ನು ಸ್ಟೇಷನ್ನಿನ ಹಿಂದೆ ಕಟ್ಟುತ್ತಿದ್ದಾರೆ. ನಮ್ಮ ಹನ್ನೊಂದು ಮನೆಯವರಿಗೂ ಅಲ್ಲೇ, ಎರಡು ಬೀದಿಯಾಚೆ, ಸರ್ಕಾರಿ ಫ್ಲಾಟು. ಒಡೆಯನ ಅಪ್ಪಣೆಗೆ ಬಗ್ಗದ ಊರನ್ನು ಒಬ್ಬಳು ಸೊಸೆ ಎಬ್ಬಿಸಿದಳು ಎಂದು ಮಗೊಶಿ ಸಭೆಯಲ್ಲಿ ನನ್ನ ಮುಖ ನೋಡದೆ ಹೇಳಿದ. ಅವನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಸಾಮಾನು ಸಾಗಿಸುವ ದಿನ ಯಾರೂ ನಮ್ಮ ಮನೆಗೆ ಕೈ ಹಾಕಲು ಬರಲಿಲ್ಲ. ನಾವಿಬ್ಬರೇ ಕಪಾಟು ಎತ್ತಿದೆವು. ನನ್ನ ಗಂಡನ ಸೊಂಟ ಇನ್ನೂ ಸರಿಹೋಗಿಲ್ಲ.

ಚೀಟಿ ಎತ್ತಿ ಮನೆ ಹಂಚಿದರು. ನಮಗೆ ಮೂರನೇ ಮಹಡಿ. ಪಕ್ಕದ ಮನೆ, ನನ್ನ ಅದೃಷ್ಟಕ್ಕೆ, ಮಗೊಶಿಗೆ ಬಂತು. ಎರಡು ಬಾಲ್ಕನಿಗಳ ನಡುವೆ ತೆಳುವಾದ ತಗಡು. ಅವನು ಕೆಮ್ಮಿದ್ದು ನನಗೆ, ನಾನು ಬೈದದ್ದು ಅವನಿಗೆ ಚೆನ್ನಾಗಿ ಕೇಳಿಸುತ್ತದೆ. ಎಂಟು ತಿಂಗಳು ಮಾತಿಲ್ಲ.

ಬಾಲ್ಕನಿಯಿಂದ ಕುರೊನೆ ಪೂರ್ತಿ ಕಾಣುತ್ತದೆ. ದಿನಾ ಬೆಳಗ್ಗೆ ಎದ್ದು ನಾನು ಮೊದಲು ಕೊಬುವನ್ನು ನೋಡುತ್ತೇನೆ. ಏನೂ ಇಲ್ಲ, ಒಂದು ಎಳೆ ಹೊಗೆಯೂ ಇಲ್ಲ. ಅದನ್ನು ನೋಡಿ ನನಗೆ ಸಮಾಧಾನವಾಗಬೇಕು ತಾನೇ? ಆಗುವುದಿಲ್ಲ. ಸಿಟ್ಟು ಬರುತ್ತದೆ. ನಾನು ಸಾಯುವುದರೊಳಗೆ ಅವನು ಒಂದು ಸಲವಾದರೂ ಉಗುಳಲಿ, ನಮ್ಮ ಖಾಲಿ ಮನೆಗಳ ಮೇಲೆ ಒಂದಿಷ್ಟು ಬೂದಿ ಬೀಳಲಿ, ಹನ್ನೊಂದು ಮನೆಯವರೂ ಅದನ್ನು ನೋಡಲಿ ಎಂದು ಅನ್ನಿಸುತ್ತದೆ. ಎಂಥ ಹೆಂಗಸು ನಾನು, ನನ್ನ ಮನೆ ಸುಡಲಿ ಎಂದು ನಾನೇ ಕಾಯುತ್ತಿದ್ದೇನಲ್ಲ ಎಂದು ನಾಚಿಕೆಯಾಗುತ್ತದೆ. ಮರುದಿನ ಮತ್ತೆ ನೋಡುತ್ತೇನೆ.

ಮೊನ್ನೆ ಬೆಳಗ್ಗೆ ಹಾಗೆ ನಿಂತಿದ್ದಾಗ ತಗಡಿನ ಆಚೆಯಿಂದ ಗಂಟಲು ಸರಿಮಾಡಿಕೊಂಡ ಸದ್ದು ಬಂತು.

"ಏನಾದ್ರೂ ಕಾಣ್ತಾ?"

ಎಂಟು ತಿಂಗಳ ಮೇಲೆ ಮೊದಲ ಮಾತು. "ಇಲ್ಲ" ಎಂದೆ.

"ನಾನೂ ದಿನಾ ನೋಡ್ತೀನಿ." ಧ್ವನಿ ತಗಡಿಗೆ ಹತ್ತಿರವಾಯಿತು. "ಅವನು ಉಗುಳ್ದೇ ಇದ್ರೆ ನೀನು ನಮ್ಮನ್ನ ಸುಮ್ಸುಮ್ನೆ ಎಬ್ಬಿಸಿದ ಹಂಗಾಯ್ತು. ಉಗುಳಿದ್ರೆ ನಮ್ಮನೆ ಹೋಯ್ತು. ದೇವರ ಮುಂದೆ ನಿಂತ್ರೆ ಏನು ಬೇಡ್ಕೋಬೇಕೋ ಗೊತ್ತಾಗಲ್ಲ ಕಣೇ ತೊಯೊನೊ."

"ನನಗೂ ಗೊತ್ತಾಗಲ್ಲ" ಎಂದೆ. "ಬಾಗಿಲು ತೆಗೆದಿದೆ. ಚಹಾ ಕುಡಿಯೋಕೆ ಬಾ."

ಬಂದ. ನನ್ನ ಗಂಡ ಅವನಿಗೆ ಕಿಟಕಿಯ ಪಕ್ಕದ ಚಾಪೆ ತೋರಿಸಿದರು. ಅವನು ಅದನ್ನು ಎಳೆದು ಈ ಕಡೆಗೆ ಹಾಕಿಕೊಂಡು, ಬೆಟ್ಟಕ್ಕೆ ಬೆನ್ನು ತಿರುಗಿಸಿ ಕೂತ.